ತಾಗಿದ ಬೂಮರಾಂಗ್ ವಾಪಸ್ ಬರಲ್ಲ

ಆಫೀಸಿನಲ್ಲಿ ಯಾರಿಗಾದರೂ ಅನ್ಯಾಯ ಆದರೆ ಟೀಮಿನಲ್ಲಿ ಒಬ್ಬರಾದರೂ ಹೇಳುವ ಮಾತಿದೆ: "ಬಿಡು ಗುರು, ಕರ್ಮ ಬೂಮರಾಂಗ್ ಇದ್ದಂಗೆ, ವಾಪಸ್ ಬಂದೇ ಬರುತ್ತೆ." ನಮ್ಮೂರಲ್ಲಿ ಇದನ್ನೇ "ಮಾಡಿದ್ದುಣ್ಣೋ ಮಹರಾಯ" ಅಂತಾರೆ. ಕೇಳೋಕೆ ಹಿತವಾಗಿರುತ್ತೆ. ನಿಜವಾ ಅನ್ನೋ ಅನುಮಾನ ಮಾತ್ರ ನನಗೆ ಬಹಳ ದಿನದಿಂದ ಇದೆ.

ನಾನು ತಿಪಟೂರು ಕಡೆಯವನು. ಚಿಕ್ಕಂದಿನಲ್ಲಿ ನಮ್ಮ ಆಯುಧ ಅಂದ್ರೆ ಹುಣಸೆ ಮರಕ್ಕೆ ಬೀಸುತ್ತಿದ್ದ ದೊಣ್ಣೆ. ತಾಗಿದರೆ ಕಾಯಿ, ದೊಣ್ಣೆ ಎರಡೂ ಕೆಳಗೆ, ನಡೆದುಹೋಗಿ ಹೆಕ್ಕಿಕೊಳ್ಳಬೇಕು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಕಾಂಗರೂ ಬೇಟೆಗೆ ಎಸೆಯುತ್ತಿದ್ದ ಭಾರದ ಬೂಮರಾಂಗೂ ಇಷ್ಟೇ, ಅದು ವಾಪಸ್ ಬರುವಂಥದ್ದಲ್ಲ. ನಮ್ಮ ಪಕ್ಕದ ತಮಿಳುನಾಡಿನ ಶಿವಗಂಗೆ ಸೀಮೆಯಲ್ಲೂ ವಳರಿ ಅನ್ನೋ ಬಾಗಿದ ಎಸೆಗೋಲು ಇತ್ತು.

ವಾಪಸ್ ಬರೋದು ಬೇರೆ ಜಾತಿ. ದಕ್ಷಿಣ ಆಸ್ಟ್ರೇಲಿಯಾದ ವೈರಿ ಸ್ವಾಂಪ್ ಎಂಬ ಜೌಗಿನಲ್ಲಿ 1973ರಲ್ಲಿ ಸುಮಾರು 10,000 ವರ್ಷ ಹಳೆಯ ಮರದ ಬೂಮರಾಂಗ್‌ಗಳು ಸಿಕ್ಕಿವೆ. ಅಂದರೆ ಈ ವಿದ್ಯೆ ಅಷ್ಟು ಹಳೆಯದು. ಹಗುರವಾದ ಎರಡು ರೆಕ್ಕೆ. ಒಂದು ಮಗ್ಗುಲು ಉಬ್ಬು, ಇನ್ನೊಂದು ಚಪ್ಪಟೆ, ವಿಮಾನದ ರೆಕ್ಕೆಯಂತೆ. ಹೆಚ್ಚುಕಮ್ಮಿ ನೆಟ್ಟಗೆ ಹಿಡಿದು, ಗಿರಗಿರ ತಿರುಗುವಂತೆ ಎಸೀತಾರೆ. ತಿರುಗುವಾಗ ಮೇಲಿನ ರೆಕ್ಕೆ ಮುಂದಕ್ಕೆ, ಕೆಳಗಿನದು ಹಿಂದಕ್ಕೆ ಹೋಗುತ್ತಿರುತ್ತೆ. ಹಾಗಾಗಿ ಮೇಲಿನದಕ್ಕೆ ಗಾಳಿಯ ಒತ್ತು ಜಾಸ್ತಿ. ತಿರುಗದೇ ಇದ್ದಿದ್ದರೆ ಮಗುಚಿಕೊಳ್ಳುತ್ತಿತ್ತು. ಬುಗುರಿಯಂತೆ ತಿರುಗುತ್ತಿರೋದರಿಂದ ಮಗುಚುವ ಬದಲು ನಿಧಾನಕ್ಕೆ ದಾರಿ ಹೊರಳಿಸಿ, ಸುತ್ತು ಹಾಕಿ, ಎಸೆದವನ ಹತ್ತಿರ ಬರುತ್ತೆ. ಇದನ್ನು ಆಟಕ್ಕೆ, ಹಕ್ಕಿಗಳನ್ನು ಬೆದರಿಸಿ ಬಲೆಯ ಕಡೆ ಓಡಿಸೋಕೆ ಬಳಸುತ್ತಿದ್ದರು.

ಆದರೆ ಇದಕ್ಕೂ ಒಂದು ಷರತ್ತಿದೆ. ದಾರಿಯಲ್ಲಿ ಯಾವುದಕ್ಕೂ ತಾಗಬಾರದು. ತಾಗಿದರೆ ಅಲ್ಲೇ ಬೀಳುತ್ತೆ.

ಇದು ತಿಳಿದ ದಿನ ನನಗೆ ನಮ್ಮ ತೋಟ ನೆನಪಾಯ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ 800 ಅಡಿ ಬೋರ್ ಕೊರೆಸಿದರು. ಪಕ್ಕದ ತೋಟದ ಮಾವನದ್ದು 300 ಅಡಿ. ಎರಡೇ ಬೇಸಿಗೆಯಲ್ಲಿ ಅವರದ್ದು ಬತ್ತಿತು. ನಮ್ಮ ಬೋರಿನಿಂದಲೇ ಅಂತ ಯಾರೂ ಸಾಬೀತು ಮಾಡಲಾರರು, ಎಲ್ಲರೂ ಕೊರೆಸುತ್ತಿದ್ದ ಕಾಲ ಅದು. ಆದರೆ ನೆಲದಡಿಯ ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲವಲ್ಲ. ಅವರ ಮರಗಳ ಗರಿ ಜೋತುಬಿದ್ದವು, ಹರಳು ಉದುರಿದವು, ಕೊನೆಗೆ ಸುಳಿಯೇ ಒಣಗಿತು. ಮಾವ ಬೆಂಗಳೂರಿಗೆ ಬಂದು ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದರು. ನಮ್ಮ ಅಟ್ಟದ ತುಂಬ ಕಾಯಿ ಒಣಗಿ ಕೊಬ್ಬರಿ ಆಯ್ತು. ಆ ಕೊಬ್ಬರಿ ಮಾರಿದ ದುಡ್ಡಲ್ಲಿ ನಾನು ಬಿಇ ಓದಿದೆ.

ನಮಗೆ ವಾಪಸ್ ಬಂದಿದ್ದೇನು? ಕೆಲಸ, ಫ್ಲ್ಯಾಟು, ಕಾರು.

ಈಗ ನಮ್ಮ ಬೋರೂ ಅರ್ಧ ಗಂಟೆ ಓಡಿದರೆ ಗಾಳಿ ಕಕ್ಕುತ್ತೆ. "ನೋಡಿದ್ಯಾ, ಬಂತಲ್ಲ" ಅಂತೀರೇನೋ. ಬಂತು ಅಂತಲೇ ಇಟ್ಕೊಳ್ಳಿ. ಅದರಿಂದ ಮಾವನ ಒಂದು ಮರವಾದರೂ ಚಿಗುರಿತಾ? ನನಗೆ ಶಿಕ್ಷೆ ಆಗೋದು, ಅವರ ನಷ್ಟ ತುಂಬೋದು ಎರಡೂ ಒಂದೇ ಅಲ್ಲ. ಕರ್ಮ ನೋಡ್ಕೊಳ್ಳುತ್ತೆ ಅನ್ನೋ ಮಾತಿನಲ್ಲಿ ನನಗೆ ಕಾಣುವ ಮೋಸ ಇದು. ಎಸೆದವನು ಭಯಪಟ್ಟೋ ಪಡದೆಯೋ ನಿಂತಲ್ಲೇ ನಿಂತಿರಬಹುದು, ಪೆಟ್ಟು ತಿಂದವರ ಕಡೆ ಒಂದು ಹೆಜ್ಜೆಯನ್ನೂ ಇಡಬೇಕಾಗಿಲ್ಲ. ಹುಣಸೆ ಮರದಡಿಯ ಹುಡುಗ ಕೂಡ ದೊಣ್ಣೆ ಬಿದ್ದ ಕಡೆ ನಡೆದುಹೋಗ್ತಾನೆ.

ಹೋದ ವರ್ಷ ಯುಗಾದಿ ಮುಗಿದ ಮೇಲೆ ಮಾವ ಕೆಲಸ ಮಾಡುವ ಗೇಟಿಗೆ ಹೋದೆ. "ಬಾರಪ್ಪಾ, ಊಟ ಆಯ್ತಾ?" ಅಂದರು. ತಡವರಿಸುತ್ತಾ ಬೋರಿನ ವಿಷಯ ಎತ್ತಿದೆ. ಮಾವ ನಕ್ಕರು. "ದುಡ್ಡಿದ್ದಿದ್ರೆ ನಾನೂ ಅಷ್ಟೇ ಆಳಕ್ಕೆ ಕೊರೆಸ್ತಿದ್ದೆ ಕಣಪ್ಪಾ." ಅದು ಕ್ಷಮೆಯಾ, ಸುಮ್ಮನೆ ಸತ್ಯವಾ, ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಬದಿನ ಮೇಲೆ ನಾಲ್ಕು ಮರ ಉಳಿದಿದ್ವು. ಇದಾವಾ?"

ಇದಾವೆ. ಈಗ ವಾರಕ್ಕೆರಡು ದಿನ ನಮ್ಮ ಪೈಪಿನ ನೀರು ಆ ನಾಲ್ಕಕ್ಕೂ ಹೋಗುತ್ತೆ. "ನಮಗೇ ಇಲ್ಲ, ಊರಿಗೆಲ್ಲ ನೀನೊಬ್ಬನೇ ಧರ್ಮರಾಯನಾ?" ಅಂತ ಅಪ್ಪ ಮೊದಲು ರೇಗಿದರು. ಆಮೇಲೆ ವಾಲ್ವ್ ತಿರುಗಿಸೋ ಕೆಲಸ ಅವರೇ ವಹಿಸಿಕೊಂಡರು. ಯಾಕೆ ಅಂತ ನಾನು ಕೇಳಿಲ್ಲ.

ನಾಲ್ಕು ಮರಕ್ಕೆ ನೀರು ಬಿಟ್ಟರೆ ಒಂದು ತೋಟದ ಲೆಕ್ಕ ಚುಕ್ತಾ ಆಗಲ್ಲ, ಗೊತ್ತು. ಈ ಸಲ ಕಾಯಿ ಕಿತ್ತಾಗ ಆ ಮರಗಳದ್ದು ಬೇರೆ ಇಡಿಸಿ, ಚೀಲ ಕಟ್ಟಿ ಮಾವನ ಮನೆಗೆ ತಲುಪಿಸಿ ಬಂದೆ.