ಮಾರುವವನ ಮೌನ

ಹಳೆಯ ಮೋಟಾರು ಕಾರುಗಳನ್ನು ಮಾರುವ ವರ್ತಕರಲ್ಲಿ ನಂಬತಕ್ಕವನು ಯಾರು? ಕಾರು ಕೊಳ್ಳಲು ಹೊರಟ ಗೃಹಸ್ಥರೆಲ್ಲರೂ ಈ ಪ್ರಶ್ನೆಯನ್ನು ನೆಂಟರಿಷ್ಟರಲ್ಲಿ ಕೇಳುವರು. ಮೇಲುನೋಟಕ್ಕೆ ಇದು ಬರಿಯ ವ್ಯವಹಾರದ ಮಾತಾಗಿ ತೋರುವುದು. ವಿಚಾರಮಾಡಿದರೆ ಇದರಲ್ಲಿ ಒಂದು ಧರ್ಮಸೂಕ್ಷ್ಮವುಂಟು. ತಾನು ಬಲ್ಲ ದೋಷವನ್ನು, ಕೊಳ್ಳುವವನು ಕೇಳದಿದ್ದರೂ, ಅವನಿಗೆ ತಿಳಿಸುವುದು ಮಾರುವವನ ಕರ್ತವ್ಯವೆ? ಸುಳ್ಳಾಡಕೂಡದೆಂಬುದನ್ನು ಎಲ್ಲರೂ ಒಪ್ಪುವರು. ಸುಮ್ಮನಿರಬಹುದೆ ಎಂಬುದರಲ್ಲಿಯೇ ಸಂದೇಹ.

ನಮ್ಮ ದೇಶದ ಕಾನೂನು ಈ ವಿಷಯವನ್ನು ಒಂದು ಕುದುರೆಯ ದೃಷ್ಟಾಂತದಿಂದ ವಿವರಿಸಿದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣವು ವಂಚನೆಯ ಲಕ್ಷಣವನ್ನು ಹೇಳುತ್ತದೆ. ಅಲ್ಲಿನ ದೃಷ್ಟಾಂತಗಳ ಸಾರ ಹೀಗಿದೆ: ಒಬ್ಬನು ತನ್ನ ಕುದುರೆಗೆ ಊನವಿದೆಯೆಂದು ತಿಳಿದೂ ಅದನ್ನು ಹರಾಜಿನಲ್ಲಿ ಮಾರಿ, ಊನದ ವಿಷಯವಾಗಿ ಏನನ್ನೂ ಹೇಳದಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳಾಗಿದ್ದರೆ, ಆ ಸಂಬಂಧದ ಕಾರಣದಿಂದಲೇ, ಹೇಳುವುದು ಅವನ ಕರ್ತವ್ಯ. ಇನ್ನು, ತಾವು ಅಲ್ಲವೆನ್ನದಿದ್ದರೆ ಕುದುರೆ ನೆಟ್ಟಗಿದೆಯೆಂದೇ ಭಾವಿಸುವೆನೆಂದು ಕೊಳ್ಳುವವನು ಹೇಳಿದಾಗ ಬಾಯಿಮುಚ್ಚಿಕೊಂಡಿದ್ದರೆ ಆ ಮೌನವು ಮಾತಿಗೆ ಸಮಾನ. 'ಮೌನಂ ಸಮ್ಮತಿಲಕ್ಷಣಂ' ಎಂಬ ನಮ್ಮ ಹಿರಿಯರ ಮಾತಿನ ಅಭಿಪ್ರಾಯವೂ ಇದೇ.

ಮಗಳಿಗೆ ಹೇಳತಕ್ಕುದನ್ನು ಪರರಿಗೆ ಹೇಳಬೇಕಾಗಿಲ್ಲವೇಕೆ? ಪರನು ತನ್ನ ಹಿತವನ್ನು ತಾನೇ ನೋಡಿಕೊಳ್ಳಬಲ್ಲನೆಂಬುದು ಕಾನೂನಿನ ಊಹೆ. ಕುದುರೆಯ ಗುಣವನ್ನು ಬಲ್ಲವರು ಊರೂರಿನಲ್ಲಿದ್ದ ಕಾಲಕ್ಕೆ ಅದು ಸಲ್ಲುತ್ತಿದ್ದಿತೇನೋ. ಕಾರಿನ ವಿಷಯದಲ್ಲಿ ನಮ್ಮಲ್ಲಿ ಬಹುಮಂದಿ ಆ ಮಗಳಷ್ಟೇ ಅಜ್ಞರು. ನೆರೆಯ ನೀರಿನಲ್ಲಿ ಮುಳುಗಿದ್ದ ಕಾರು ಸಹ ತೊಳೆದು ಮೆರುಗುಕೊಟ್ಟರೆ ಹೊಸದರಂತೆ ಹೊಳೆಯುವುದು. ಒಳಗಿನ ತುಕ್ಕು ಹೊರಬೀಳುವುದು ತಿಂಗಳುಗಳಾದಮೇಲೆ.

ರೋಮಿನ ಸಿಸೆರೊ ಕ್ರಿ. ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇಂಥದೇ ವಾದವೊಂದನ್ನು ಎತ್ತಿಕೊಂಡಿದ್ದಾನೆ. ದೋಷವುಳ್ಳ ಮನೆಯನ್ನು ಮಾರುವವನು ಅದನ್ನು ತಿಳಿಸಲೇಬೇಕೆಂದು ಆಂಟಿಪೇಟರನ ಮತ. ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂದು ಅವನ ಗುರುವಾದ ಬ್ಯಾಬಿಲೋನಿನ ಡಯೊಜೆನೀಸನ ಮತ. ಗುರುವು ಮಾಡಿದ ಭೇದ ಮಾತಿನಲ್ಲಿ ಸ್ಪಷ್ಟವಾಗಿದೆ. ನಡೆಯಲ್ಲಿ ಅದು ನಿಲ್ಲುವುದೆ?

ನನ್ನ ಅನುಭವವನ್ನೇ ಹೇಳುವೆನು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಕಾರನ್ನು ಒಬ್ಬ ತರುಣ ಉಪಾಧ್ಯಾಯರಿಗೆ ಮಾರಿದೆ. ತಣ್ಣಗಿದ್ದಾಗ ಅದರ ಎಂಜಿನು ಚಾಲೂ ಆಗಲು ಬಹಳ ಸತಾಯಿಸುತ್ತಿತ್ತು. ಒಮ್ಮೆ ಬಿಸಿಯಾದರೆ ತೊಂದರೆಯಿರಲಿಲ್ಲ. ಅವರು ನೋಡಲು ಬರುವ ದಿನ, ಅರ್ಧ ಗಂಟೆ ಮೊದಲೇ ನಾನು ಕಾರನ್ನು ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದು ಸುಳ್ಳನ್ನೂ ಆಡಲಿಲ್ಲವೆಂದು ಸಮಾಧಾನ ತಂದುಕೊಂಡೆ. ಆದರೆ ಅದೇ 17ನೆಯ ಪ್ರಕರಣವು, ಮೋಸದ ಉದ್ದೇಶದಿಂದ ತಿಳಿದ ಸಂಗತಿಯನ್ನು ಮರೆಮಾಚುವುದನ್ನು ವಂಚನೆಯಲ್ಲಿಯೇ ಸೇರಿಸಿದೆ. ನನ್ನ ಆ ಒಂದು ಸುತ್ತು ಬರಿಯ ಮೌನವೆಂದು ಹೇಳುವ ಧೈರ್ಯ ನನಗಿಲ್ಲ. ಬಾಯಿ ಸುಮ್ಮನಿರಬೇಕೆಂದು ನಿಶ್ಚಯಿಸಿದವನ ಕೈ ಸುಮ್ಮನಿರುವುದಿಲ್ಲ. ಓಡಿದ ದೂರವನ್ನು ಕಡಮೆಮಾಡಿ ತೋರಿಸಲು ಮೀಟರನ್ನು ತಿದ್ದುವ ವರ್ತಕನು ಇದೇ ದಾರಿಯಲ್ಲಿ ನನಗಿಂತ ಸ್ವಲ್ಪ ಮುಂದೆ ಹೋದವನು, ಅಷ್ಟೆ.

ಈ ಮೌನದಿಂದ ಕೆಡುವವನು ಕೊಂಡವನೊಬ್ಬನೇ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಜಾರ್ಜ್ ಅಕರ್ಲಾಫರು 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟು ಇದನ್ನು ತೋರಿಸಿದರು. ಒಳ್ಳೆಯದಾವುದು ಕೆಟ್ಟದ್ದಾವುದು ಎಂದು ತಿಳಿಯದ ಗಿರಾಕಿ ಎಲ್ಲಕ್ಕೂ ನಡುವಣ ಬೆಲೆಯನ್ನೇ ಕೊಡುವನು. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯನು ಮಾರಲೊಲ್ಲನು. ಪೇಟೆಯಲ್ಲಿ ಕೆಟ್ಟ ಕಾರುಗಳೇ ಹೆಚ್ಚುವುವು. ಬೆಲೆ ಮತ್ತಷ್ಟು ಇಳಿಯುವುದು. ಈ ವಿಚಾರಕ್ಕಾಗಿ 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಆದುದರಿಂದ ಒಬ್ಬ ವರ್ತಕನ ಮೌನಕ್ಕೆ ದಂಡ ತೆರುವವರಲ್ಲಿ ಸತ್ಯವಂತನಾದ ಇನ್ನೊಬ್ಬ ವರ್ತಕನೂ ಸೇರಿದ್ದಾನೆ.

'ದೋಷವನ್ನು ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುವನು' ಎಂದು ವರ್ತಕರು ಹೇಳುವುದುಂಟು. ಈ ಮಾತು ಸುಳ್ಳಲ್ಲ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಕುಂದನ್ನು ಬಾಯಿಬಿಟ್ಟು ಹೇಳಿದವನನ್ನು ಬಿಟ್ಟು, ಕಾರನ್ನು ಹೊಗಳುವವನ ಬಳಿಗೆ ಹೋಗುವವರು ನಾವೇ ಅಲ್ಲವೆ? 2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಹಳೆಯ ವಾಹನಗಳ ವರ್ತಕರಿಗೆ ಅಧಿಕಾರಪತ್ರವನ್ನು ಕೊಡುವ ಏರ್ಪಾಡಾಗಿದೆ. ಅದನ್ನು ನೋಡಿಯೇ ಕೊಳ್ಳುವುದು ಲೇಸು. ಆದರೆ ವರ್ತಕನ ಮನಸ್ಸನ್ನು ಯಾವ ಪತ್ರವೂ ತೋರಿಸಲಾರದು. ಅದನ್ನು ತಿಳಿಯಲು ಒಂದು ಸರಳವಾದ ಉಪಾಯವುಂಟು. 'ಇದರಲ್ಲಿ ಏನೇನು ಕುಂದುಗಳಿವೆ?' ಎಂದು ನೇರವಾಗಿ ಕೇಳಬೇಕು, ಹೇಳಿದ್ದನ್ನು ಬರೆದುಕೊಡಿರೆನ್ನಬೇಕು, ನಮ್ಮ ಮೆಕ್ಯಾನಿಕ್ಕನ್ನು ಕರೆತಂದು ತೋರಿಸುವೆವೆನ್ನಬೇಕು. ಇದಕ್ಕೆ ಸಂತೋಷದಿಂದ ಒಪ್ಪುವವನು ನಂಬಿಕೆಗೆ ಅರ್ಹನು. ಕೇಳುವ ಮೊದಲೇ ಕುಂದನ್ನು ಹೇಳುವವನು ದೊರೆತರೆ, ನಾಲ್ಕು ಕಾಸು ಹೆಚ್ಚಾದರೂ ಅವನಲ್ಲಿಯೇ ಕೊಳ್ಳಬೇಕು. ಆ ಹಣ ಸತ್ಯಕ್ಕೆ ಕೊಟ್ಟ ಬೆಲೆ.

ಆದರೆ ಇಂದು ಕೊಳ್ಳುವವರೇ ನಾಳೆ ಮಾರುವವರು. ಮುಂದೆ ಒಮ್ಮೆ ನಾನು ಕಾರನ್ನು ಮಾರುವ ಕಾಲ ಬಂದರೆ, ಕಾನೂನಿನ ಆ ಮಗಳನ್ನು ನೆನೆದುಕೊಳ್ಳುವೆನು. ಅವಳಿಗೆ ಏನನ್ನು ಹೇಳುತ್ತಿದ್ದೆನೋ ಅದನ್ನು ಎದುರಿಗೆ ನಿಂತವರಿಗೂ ಹೇಳುವೆನು. ಆ ಉಪಾಧ್ಯಾಯರಿಗೆ ಹೇಳದೆಹೋದ ಮಾತಿಗೆ ನಾನು ಮಾಡಬಲ್ಲ ಪ್ರಾಯಶ್ಚಿತ್ತದಲ್ಲಿ ಇದು ಒಂದು ಭಾಗ. ಇನ್ನೊಂದು ಭಾಗ, ಅವರ ಮನೆಗೆ ಹೋಗಿ ನಿಜವನ್ನು ಹೇಳುವುದು; ಅದು ಇನ್ನೂ ಉಳಿದಿದೆ.