ಹಿತ್ತಲ ಗಿಡ ಮತ್ತು ಪರಿಚಿತರ ಸಿನಿಮಾ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಗೆ ರೂಢಿಯಲ್ಲಿರುವ ಅರ್ಥ ಸರಳ: ಕೈಗೆ ಸಿಗುವುದಕ್ಕೆ ಬೆಲೆಯಿಲ್ಲ, ದೂರದ್ದಕ್ಕೇ ಮರ್ಯಾದೆ. ಒಂದೆಲಗ, ದೊಡ್ಡಪತ್ರೆ, ಅಮೃತಬಳ್ಳಿ ಬಚ್ಚಲ ನೀರು ಕುಡಿದು ಬೆಳೆದಿರುತ್ತವೆ. ಕಾಯಿಲೆ ಬಿದ್ದವರು ಮಾತ್ರ ಪೇಟೆಯ ಶೀಶೆಯನ್ನೇ ನಂಬುತ್ತಾರೆ.

ಪರಿಚಿತರೊಬ್ಬರು ಸಾಮಾಜಿಕ ಕಳಕಳಿಯ ಸಿನಿಮಾ ಮಾಡಿದಾಗ ಗಾದೆ ಮೊದಲು ನಿಜವಾಗುವುದು ಈ ಅರ್ಥದಲ್ಲೇ. ಜೊತೆಯಲ್ಲಿ ಕಾಫಿ ಕುಡಿದವನು ಜಾತಿಯ ಬಗ್ಗೆ, ಜಮೀನಿನ ಬಗ್ಗೆ ಹೊಸತೇನು ಹೇಳಿಯಾನು ಎಂಬ ಅನುಮಾನ ನೋಡುಗನ ಜೊತೆಗೇ ಬಂದು ಕೂರುತ್ತದೆ. ಪರದೆಯ ಮೇಲಿನ ಜಗಲಿ ಯಾರ ಮನೆಯದು, ಗುಂಪಿನಲ್ಲಿ ನಿಂತ ಮುದುಕಿ ನಿರ್ದೇಶಕನಿಗೆ ಏನಾಗಬೇಕು ಎಂಬುದೆಲ್ಲ ಗೊತ್ತಿರುವುದರಿಂದ ಕಥೆಯೊಳಗೆ ಇಳಿಯುವುದು ತಡವಾಗುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವ ಗಾದೆಯೂ ಕನ್ನಡದಲ್ಲಿದೆ: ‘ಹೆತ್ತವರಿಗೆ ಹೆಗ್ಗಣ ಮುದ್ದು’. ಸ್ನೇಹಿತರ ಬಳಗಕ್ಕೂ ಇದು ಸಲ್ಲುತ್ತದೆ. ಪ್ರದರ್ಶನ ಮುಗಿದ ಮೇಲೆ ‘ಚೆನ್ನಾಗಿ ಬಂದಿದೆ’ ಎಂಬ ಮಾತು ಸಿನಿಮಾಕ್ಕಲ್ಲ, ಸಂಬಂಧಕ್ಕೆ ಸಲ್ಲುವ ಕಪ್ಪಕಾಣಿಕೆ. ಚಿತ್ರದ ವಸ್ತು ಅನ್ಯಾಯವೊಂದರ ಕುರಿತಾಗಿದ್ದರೆ ಬಾಯಿ ಇನ್ನಷ್ಟು ಕಟ್ಟುತ್ತದೆ: ಚಿತ್ರಕಥೆ ಸಡಿಲವಾಗಿದೆ ಎಂದರೆ ನೊಂದವರ ವಿರುದ್ಧ ಮಾತಾಡಿದಂತೆ ಕೇಳೀತೆಂಬ ಅಳುಕು. ತಾತ್ಸಾರಕ್ಕಿಂತ ಈ ಮುದ್ದೇ ಚಿತ್ರಕ್ಕೆ ಹೆಚ್ಚು ಹಾನಿಕರ.

ಗಾದೆಯಲ್ಲಿ ಇನ್ನೂ ಒಂದು ಪದರವಿದೆ, ಅದನ್ನು ಕಾಣಲು ‘ಸಂಸ್ಕಾರ’ದ ಉದಾಹರಣೆ ಒದಗುತ್ತದೆ. ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ತೆರೆಗೆ ತಂದರು. ಅದು ಹೆಚ್ಚುಕಡಿಮೆ ಬಳಗದ ಕೆಲಸ. ಪ್ರಾಣೇಶಾಚಾರ್ಯರ ಪಾತ್ರ ‘ತುಘಲಕ್’ ಬರೆದ ಗಿರೀಶ ಕಾರ್ನಾಡರದು. ನಾರಣಪ್ಪನಾದವರು ಕವಿಯೂ ಇಂಗ್ಲಿಷ್ ಮೇಷ್ಟ್ರೂ ಆದ ಪಿ. ಲಂಕೇಶ್, ಚಂದ್ರಿ ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಕನ್ನಡದ ಸಾಹಿತ್ಯವಲಯಕ್ಕೆ ಇವರೆಲ್ಲ ಹಿತ್ತಲ ಗಿಡಗಳೇ. ಪ್ಲೇಗಿನಿಂದ ಸತ್ತ, ಆಚಾರಗೆಟ್ಟ ಬ್ರಾಹ್ಮಣನ ಶವವನ್ನು ಯಾರು ಸುಡಬೇಕೆಂದು ತೋಚದ ಅಗ್ರಹಾರದ ಕಥೆ ಅದು. ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು. ಕೇಂದ್ರದ ಮಟ್ಟದಲ್ಲಿ ತಡೆ ತೆರವಾದ ಮೇಲೆ ಅದೇ ಚಿತ್ರಕ್ಕೆ ರಾಷ್ಟ್ರಪತಿಯ ಸ್ವರ್ಣ ಪದಕ ಬಂತು.

ಇಲ್ಲಿ ಮದ್ದು ಬೇಡವಾದದ್ದು ಅದರ ಗುಣದಲ್ಲಿ ನಂಬಿಕೆಯಿಲ್ಲದೆ ಅಲ್ಲ. ಗುಣವಿದೆ ಎಂದು ಗೊತ್ತಿದ್ದುದರಿಂದಲೇ ಅಂಜಿಕೆ. ಹಿತ್ತಲಿನ ಗಿಡವನ್ನು ಮದ್ದೆಂದು ಒಪ್ಪಿದರೆ ಕಾಯಿಲೆ ಮನೆಯದೇ ಎಂದೂ ಒಪ್ಪಬೇಕಾಗುತ್ತದೆ. ಇರಾನಿನ ಅಥವಾ ಇಟಲಿಯ ಚಿತ್ರ ನೋಡಿ ಕಣ್ಣೊರೆಸಿಕೊಳ್ಳುವುದು ಸುಲಭ, ಅಲ್ಲಿ ತಪ್ಪಿತಸ್ಥರು ನೆಂಟರಲ್ಲ. ಪರಿಚಿತನ ಕ್ಯಾಮೆರಾ ತೋರಿಸುವ ಜಮೀನ್ದಾರನಿಗೆ ನೋಡುಗನ ಸೋದರಮಾವನ ಮುಖವಿದ್ದೀತು. ‘ಅವನಿಗೇನು ಗೊತ್ತು’ ಎಂಬ ತಾತ್ಸಾರದ ಅಡಿಯಲ್ಲಿ ಬಹಳ ಸಲ ‘ಅವನಿಗೆ ಎಲ್ಲ ಗೊತ್ತು’ ಎಂಬ ಭಯವಿರುತ್ತದೆ.

ಹತ್ತಿರದವರಿಗೆ ಮಾತ್ರ ಸಾಧ್ಯವಾಗುವ ನೋಟವೂ ಒಂದಿದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅಲ್ಲಿನ ಮೂಲದ ಈರೇಗೌಡರ ಜೊತೆ ಸೇರಿ ಬರೆದ ಕಥೆಯನ್ನು ರಾಮ್ ರೆಡ್ಡಿ ‘ತಿಥಿ’ ಎಂದು ಚಿತ್ರಿಸಿದರು. ನಟಿಸಿದವರು ಬಣ್ಣ ಹಚ್ಚಿ ಗೊತ್ತಿಲ್ಲದ ಹಳ್ಳಿಯ ಜನ. ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು, ಕರ್ನಾಟಕದ ಚಿತ್ರಮಂದಿರಗಳಿಗೆ ಬಂದದ್ದು ಮರುವರ್ಷ. ಗಾದೆ ಇಲ್ಲಿಯೂ ತನ್ನ ಪಾಲು ವಸೂಲು ಮಾಡಿಕೊಂಡಿತು ಎನ್ನಬಹುದು. ಬದುಕಿರುವ ಅಪ್ಪ ಸತ್ತನೆಂದು ಕಾಗದ ಮಾಡಿಸಿ ಮಗ ಜಮೀನು ಮಾರಲು ಹೊರಡುವುದು ಸ್ವಿಟ್ಜರ್ಲೆಂಡಿನ ಪ್ರೇಕ್ಷಕನಿಗೆ ವಿನೋದವಾಗಿ ಕಂಡೀತು. ಅಂಥ ಕಾಗದ ಎಲ್ಲಿ, ಯಾರ ಕೈ ಬಿಸಿ ಮಾಡಿದರೆ ಸಿಗುತ್ತದೆ, ತಿಥಿಯೂಟಕ್ಕೆ ಸಾಲ ಹೇಗೆ ಹುಟ್ಟುತ್ತದೆ ಎಂಬುದನ್ನು ತೂಗಿ ನೋಡಬಲ್ಲವರು ಆ ಸೀಮೆಯವರೇ.

ಆದ್ದರಿಂದ ಪರಿಚಿತ ನೋಡುಗನಿಂದ ಚಿತ್ರ ಮಾಡಿದವರಿಗೆ ಸಲ್ಲಬೇಕಾದದ್ದು ಇಂಥ ವಿವರಗಳ ಲೆಕ್ಕ: ಕೂಲಿಯಾಳು ಗೌಡರ ಮುಂದೆ ಆ ರೀತಿ ಕೂರುತ್ತಾನೆಯೇ, ಆ ಮಾತು ಆ ಓಣಿಯದೇ, ಬಡವರ ಅಡುಗೆಮನೆಯಲ್ಲಿ ಅಷ್ಟು ಪಾತ್ರೆ ಇರುತ್ತವೆಯೇ. ಇದನ್ನು ಹೊರಗಿನ ವಿಮರ್ಶಕ ಹೇಳಲಾರ, ಪ್ರಶಸ್ತಿ ಸಮಿತಿ ಕೇಳುವುದೂ ಇಲ್ಲ. ಹೇಳುವ ಹೊತ್ತು ಪ್ರದರ್ಶನದ ಸಂಜೆಯೇ ಆಗಬೇಕೆಂದಿಲ್ಲ. ಆ ಸಂಜೆ ಮಾಡಿದವರ ಕಿವಿಗೆ ಚಪ್ಪಾಳೆಯ ಹೊರತು ಬೇರೇನೂ ಬೀಳುವುದಿಲ್ಲ.