ಮಳೆ ಬೇರೆ, ಬಾಗಿಲು ಬೇರೆ




ಇಂದಿನ ಚಿಂತನೆ ಗಾಲ್ಫ್ ಆಟದ ಬಗ್ಗೆ. ನಗಬೇಡಿ. ನಮಗೂ ಆ ಆಟಕ್ಕೂ ಏನು ಸಂಬಂಧ ಎಂದು ನೀವು ಕೇಳುವುದು ಸಹಜ. ಗೆಜ್ಜಲಗೆರೆಯಿಂದ ಬೆಂಗಳೂರಿಗೆ ಹೋಗುವಾಗ ಬಿಡದಿ ಹತ್ತಿರ ಈಗಲ್‌ಟನ್ ಮೈದಾನ ಸಿಗುತ್ತದೆ. ನಮ್ಮಲ್ಲಿ ಅದರ ಒಳಗೆ ಹೋದವರು ಯಾರಾದರೂ ಇದ್ದರೆ ಹುಲ್ಲು ಕತ್ತರಿಸಲೋ ಅಡುಗೆ ಕೆಲಸಕ್ಕೋ ಹೋದವರೇ ಇರಬೇಕು. ಅದರ ಪಕ್ಕದ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ಅಲ್ಲೇ ಆಟ ಕಲಿತು ದೇಶದ ಒಳ್ಳೆಯ ವೃತ್ತಿಪರ ಆಟಗಾರರಲ್ಲಿ ಒಬ್ಬರಾದರು ಎಂಬುದೂ ನಿಜ. ಆದರೆ ನಾನು ಈ ಆಟದ ಹಿಂದೆ ಬಿದ್ದದ್ದು ಬೇರೆ ಕಾರಣಕ್ಕೆ.

ಕಳೆದ ಭಾನುವಾರ ಓದು ಮುಗಿದು ಟೀ ಕುಡಿಯುವಾಗ ಒಬ್ಬ ಅಕ್ಕ ಹೇಳಿದರು: "ಎರಡು ವರ್ಷದಿಂದ ಕಬ್ಬು ಒಣಗ್ತಾ ಅದೆ. ನಾಲೆ ಕೊನೇಲಿರೋ ಜಮೀನು ನಮ್ದು. ಯಾವ ಜಲ್ಮದ ಪಾಪವೋ ಕಣಪ್ಪ." ಅವರು ದೀಕ್ಷೆ ತೆಗೆದುಕೊಂಡು ಹದಿನೈದು ವರ್ಷವಾಗಿದೆ. ಪಕ್ಕದಲ್ಲಿದ್ದ ಹುಡುಗ ತಟ್ಟನೆ ರೇಗಿದ: "ಧಮ್ಮಕ್ಕೆ ಬಂದ್ಮೇಲೂ ಜಲ್ಮ, ಪಾಪ ಅಂತೀರಲ್ಲಕ್ಕ. ಎಲ್ಲಾ ಜಾತಿ ಕಣಕ್ಕ, ಜಾತಿ." ಅಕ್ಕ ಸುಮ್ಮನಾದರು. ಹುಡುಗನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಗದರಿಸಿದ್ದರಿಂದ ಯಾರ ತಲೆಯಿಂದಲೂ ಹಣೆಬರಹ ಅಳಿಸಿಹೋದದ್ದನ್ನು ನಾನು ಕಂಡಿಲ್ಲ. ಜೊತೆಗೆ, ಇಬ್ಬರೂ ಒಂದು ವಿಷಯದಲ್ಲಿ ಒಂದೇ: ಹಲವು ಕಾರಣಗಳಿರುವ ಕಷ್ಟಕ್ಕೆ ಒಂದೇ ಕಾರಣ ಹುಡುಕಿದರು.

ಇದು ಹಳೆಯ ಪ್ರಶ್ನೆ. ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಭಗವಾನರನ್ನು ಇದನ್ನೇ ಕೇಳುತ್ತಾನೆ. ಮನುಷ್ಯ ಅನುಭವಿಸುವ ಸುಖ ದುಃಖ ಎಲ್ಲವೂ ಹಿಂದೆ ಮಾಡಿದ ಕರ್ಮದ ಫಲ ಎನ್ನುವವರಿದ್ದಾರೆ, ತಾವೇನು ಹೇಳುತ್ತೀರಿ ಎಂದು. ಭಗವಾನರು ಒಪ್ಪುವುದಿಲ್ಲ. ಪಿತ್ತದಿಂದ ನೋವು ಬರುತ್ತದೆ, ಕಫದಿಂದ, ವಾತದಿಂದ, ಮೂರೂ ಕೆಟ್ಟು ಬರುತ್ತದೆ. ಋತು ಬದಲಾದರೆ ಬರುತ್ತದೆ. ಎಚ್ಚರ ತಪ್ಪಿದರೆ ಬರುತ್ತದೆ. ಬೇರೆಯವರು ಹೊಡೆದರೆ ಬರುತ್ತದೆ. ಕರ್ಮದ ಫಲ ಎಂಬುದು ಎಂಟರಲ್ಲಿ ಒಂದು. ಎಲ್ಲವೂ ಹಿಂದಿನದರ ಫಲ ಎನ್ನುವವರು ತಾವು ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎನ್ನುತ್ತಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಹಿಂದಿನ ಜನ್ಮದ ಕರ್ಮ ಎಂಬ ಮಾತಿನಿಂದ ಯಾರಿಗೆ ಲಾಭ ಎಂದು ನೋಡಿದರು. ಬಡವರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆಯಲ್ಲ ಎಂದು ಕೈ ತೊಳೆದುಕೊಳ್ಳಲು ಅದು ಅನುಕೂಲ ಎಂಬುದು ಅವರು ಕಂಡ ಉತ್ತರ.

ಈಗ ಆಟಕ್ಕೆ ಬರುತ್ತೇನೆ. ಗಂಡಸರ ಗಾಲ್ಫಿನ ನಾಲ್ಕು ದೊಡ್ಡ ಪಂದ್ಯಾವಳಿಗಳಲ್ಲಿ ಬ್ರಿಟನ್ನಿನ ಓಪನ್ ಎಲ್ಲಕ್ಕಿಂತ ಹಳೆಯದು, 1860ರದು. ಅದನ್ನು ಲಿಂಕ್ಸ್ ಎಂಬ ಮೈದಾನಗಳಲ್ಲೇ ಆಡಿಸುತ್ತಾರೆ. ಲಿಂಕ್ಸ್ ಎಂದರೆ ಕಡಲಿಗೂ ಬೇಸಾಯದ ಹೊಲಕ್ಕೂ ನಡುವೆ ಉಳಿದ ಮರಳು ನೆಲ, ಉಳುಮೆಗೆ ಬಾರದ್ದು. ಮರಗಳ ಮರೆ ಇಲ್ಲ. ನೆಲ ಗಟ್ಟಿ, ಉಬ್ಬುತಗ್ಗು. ಬಂಕರ್ ಎಂಬ ಮರಳಿನ ಗುಂಡಿಗಳು ಕೆಲವು ಆಳೆತ್ತರ. ಚೆನ್ನಾಗಿ ಹೊಡೆದ ಚೆಂಡೂ ನೆಲದ ಒಂದು ಗುಬುಟಿಗೆ ತಗುಲಿ ಗುಂಡಿಗೆ ಉರುಳುತ್ತದೆ. ಕೆಟ್ಟದಾಗಿ ಹೊಡೆದದ್ದು ಅದೇ ಗುಬುಟಿಯಿಂದ ದಾರಿಗೆ ಬೀಳುತ್ತದೆ. ಎಲ್ಲಕ್ಕಿಂತ ದೊಡ್ಡದು ಗಾಳಿ. 2002ರಲ್ಲಿ ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್‌ನಲ್ಲಿ ಶನಿವಾರ ಮಧ್ಯಾಹ್ನ ಬಿರುಗಾಳಿ ಮಳೆ ಎದ್ದಿತು. ಆ ವರ್ಷ ಆಗಲೇ ಎರಡು ದೊಡ್ಡ ಪಂದ್ಯಾವಳಿ ಗೆದ್ದಿದ್ದ ಟೈಗರ್ ವುಡ್ಸ್ ಅದರ ಕೈಗೆ ಸಿಕ್ಕಿ 81 ಹೊಡೆತ ತೆಗೆದುಕೊಂಡರು. ಈ ಆಟದಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಬೆಳಿಗ್ಗೆಯೇ ಆಡಿ ಮುಗಿಸಿದವರಿಗೆ ಆ ಬಿರುಗಾಳಿ ಸಿಗಲಿಲ್ಲ. ಮರುದಿನ ಅದೇ ವುಡ್ಸ್ ಅದೇ ಮೈದಾನದಲ್ಲಿ 65ಕ್ಕೆ ಮುಗಿಸಿದರು. ಒಂದು ರಾತ್ರಿಯಲ್ಲಿ ಹಿಂದಿನ ಜನ್ಮದ ಪಾಪ 16 ಹೊಡೆತದಷ್ಟು ಕರಗಿತೇ? ಅಲ್ಲಿ ಯಾರೂ ಹಾಗೆ ಲೆಕ್ಕ ಹಾಕಲಿಲ್ಲ. ಗಾಳಿಯನ್ನು ಗಾಳಿ ಎಂದೇ ಕರೆದರು.

ಇಷ್ಟರಿಂದ ಅಕ್ಕನಿಗೆ ಅರ್ಧ ಉತ್ತರ ಸಿಗುತ್ತದೆ. ಹುಡುಗನಿಗಾಗಿ 2012ಕ್ಕೆ ಹೋಗಬೇಕು. ಆ ಜುಲೈನಲ್ಲಿ ಓಪನ್ ನಡೆದದ್ದು ಇಂಗ್ಲೆಂಡಿನ ರಾಯಲ್ ಲಿಥಮ್‌ನಲ್ಲಿ. 200ಕ್ಕೂ ಹೆಚ್ಚು ಬಂಕರ್‌ಗಳಿರುವ ಮೈದಾನ. ಬೆಂಗಳೂರಿನಲ್ಲಿ ವಿಜಯ್ ದಿವೇಚ ಅವರ ಬಳಿ ಪಳಗಿದ ಅನಿರ್ಬನ್ ಲಾಹಿರಿ ಅಲ್ಲಿ ಮೂರನೇ ಸುತ್ತಿನಲ್ಲಿ ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದರು. ಅದರಲ್ಲಿ ಕೈ ಎಷ್ಟು, ಅದೃಷ್ಟ ಎಷ್ಟು, ಯಾರು ಹೇಳಬಲ್ಲರು. ಕೊನೆಯ ದಿನ ಆಸ್ಟ್ರೇಲಿಯಾದ ಆಡಮ್ ಸ್ಕಾಟ್ ನಾಲ್ಕು ಹೋಲ್ ಬಾಕಿ ಇರುವಾಗ ನಾಲ್ಕು ಹೊಡೆತ ಮುಂದಿದ್ದರು. ಆ ನಾಲ್ಕರಲ್ಲೂ ಒಂದೊಂದು ಹೊಡೆತ ಕಳೆದುಕೊಂಡರು. ಕೊನೆಯ ಹೋಲ್‌ನಲ್ಲಿ ಚೆಂಡು ಬಂಕರ್‌ಗೆ ಬಿತ್ತು, ಪಕ್ಕಕ್ಕೆ ಹೊಡೆದು ಹೊರತರಬೇಕಾಯಿತು. ದಕ್ಷಿಣ ಆಫ್ರಿಕಾದ ಎರ್ನಿ ಎಲ್ಸ್ ಒಂದೇ ಹೊಡೆತದಿಂದ ಗೆದ್ದರು. ಆ ದಿನ ಗಾಳಿ ಇತ್ತು. ಆದರೆ ಅದು ಎಲ್ಸ್‌ಗೂ ಇತ್ತು. ಸೀವಕನಿಗೆ ಹೇಳಿದ ಎಂಟರಲ್ಲಿ ಎಚ್ಚರ ತಪ್ಪುವುದು ಎಂಬುದೂ ಒಂದಿದೆಯಲ್ಲ, ಅದನ್ನು ನಮ್ಮ ಸಭೆಗಳಲ್ಲಿ ನಾವು ಬೇಗ ದಾಟಿಬಿಡುತ್ತೇವೆ. ಸೋತದ್ದು ನನ್ನ ಕೈಯಿಂದ ಎನ್ನಲು ಬಾರದವನಿಗೆ ಮತ್ತೆ ಗೆಲ್ಲುವ ದಾರಿಯೂ ಕಾಣುವುದಿಲ್ಲ. ಸ್ಕಾಟ್ ಮುಂದಿನ ಏಪ್ರಿಲ್‌ನಲ್ಲಿ ಅಮೆರಿಕದ ಮಾಸ್ಟರ್ಸ್ ಗೆದ್ದರು.

ಹಾಗೆಂದು ಇಷ್ಟಕ್ಕೇ ನಿಲ್ಲಿಸಿದರೆ ನಾನೂ ಆ ಉಪದೇಶಕರ ಸಾಲಿಗೆ ಸೇರುತ್ತೇನೆ. ಗಾಳಿಯನ್ನು ಸಹಿಸು, ನಿನ್ನ ಕೈ ತಿದ್ದಿಕೋ, ಅಷ್ಟೇ ಎನ್ನುವವರ ಸಾಲಿಗೆ. ಅದೇ ಲಿಥಮ್ ಮೈದಾನದಲ್ಲಿ, 49 ವರ್ಷ ಹಿಂದೆ, ಇನ್ನೊಬ್ಬರು ಆಡಿದ್ದರು.

ಅವರ ಹೆಸರು ಸೇವ್‌ಸಂಕರ್ ಸೇಗೋಲಂ. ಜನ ಪಾಪ್ವಾ ಎಂದು ಕರೆಯುತ್ತಿದ್ದರು. ಊರು ದಕ್ಷಿಣ ಆಫ್ರಿಕಾದ ಡರ್ಬನ್. ಓಪನ್ ಶುರುವಾದ ಅದೇ 1860ರಿಂದ ನಮ್ಮ ದೇಶದ ಬಡವರನ್ನು ಹಡಗಿನಲ್ಲಿ ತುಂಬಿ ನಟಾಲ್‌ನ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಒಯ್ದರು; ಪಾಪ್ವಾ ಹುಟ್ಟಿದ್ದು ಅಂಥವರ ವಂಶದಲ್ಲಿ. ಕಬ್ಬು ಕಡಿಯುವ ಕೈ ಎಂಥದ್ದು ಎಂದು ಮಂಡ್ಯದವರಿಗೆ ಹೇಳಬೇಕಿಲ್ಲ. ಪಾಪ್ವಾ ಬಿಳಿಯರ ಕ್ಲಬ್ಬಿನಲ್ಲಿ ಕ್ಯಾಡಿ ಆಗಿದ್ದರು, ಎಂದರೆ ಆಟಗಾರರ ಚೀಲ ಹೊರುವ ಕೆಲಸ. ನೋಡಿ ನೋಡಿಯೇ ಆಟ ಕಲಿತರು. ಕೋಲು ಹಿಡಿಯುವಾಗ ಯಾವ ಕೈ ಮೇಲೆ, ಯಾವುದು ಕೆಳಗೆ ಎಂದು ಹೇಳಿಕೊಡುವವರಿರಲಿಲ್ಲ, ಆದ್ದರಿಂದ ಅವರದು ಲೋಕಕ್ಕೆಲ್ಲ ತಿರುಗುಮುರುಗಾದ ಹಿಡಿತ. ಆ ಹಿಡಿತದಲ್ಲೇ 1959ರಲ್ಲಿ ಡಚ್ ಓಪನ್ ಗೆದ್ದರು, 1960ರಲ್ಲಿ ಮತ್ತೆ ಗೆದ್ದರು. (ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಗದ್ದೆಗಳಿಗೆಲ್ಲ ನೀರು ಹಂಚುತ್ತಿದ್ದ ನೀರುಗಂಟಿಗಳು ನಮ್ಮವರೇ, ಅವರಿಗೆ ಗದ್ದೆ ಇರುತ್ತಿರಲಿಲ್ಲ. ಕ್ಯಾಡಿ ಎಂಬ ಪದ ಕೇಳಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.)

1963ರಲ್ಲಿ ಡರ್ಬನ್‌ನಲ್ಲಿ ನಟಾಲ್ ಓಪನ್. ಬಿಳಿಯ ಆಟಗಾರರ ನಡುವೆ ಆಡಿ ಪಾಪ್ವಾ ಗೆದ್ದರು. ಬಹುಮಾನ ಕೊಡುವ ಹೊತ್ತಿಗೆ ಮಳೆ. ವರ್ಣಭೇದದ ಕಾಲ; ಬಿಳಿಯನಲ್ಲದವನು ಕ್ಲಬ್ಬಿನ ಕಟ್ಟಡದೊಳಗೆ ಕಾಲಿಡುವಂತಿಲ್ಲ. ಉಳಿದವರು ಒಳಗೆ ಬೆಚ್ಚಗಿದ್ದರು. ಗೆದ್ದವರು ಹೊರಗೆ ಮಳೆಯಲ್ಲಿ ನಿಂತು ಟ್ರೋಫಿ ತೆಗೆದುಕೊಂಡರು. ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಅದೇ ವರ್ಷದ ಜುಲೈನಲ್ಲಿ ಅವರು ಲಿಥಮ್‌ನ ಗಾಳಿಯಲ್ಲಿ ಓಪನ್ ಆಡಿ 13ನೇ ಸ್ಥಾನ ಹಂಚಿಕೊಂಡರು. 1965ರಲ್ಲಿ ನಟಾಲ್ ಓಪನ್‌ನಲ್ಲಿ ಗ್ಯಾರಿ ಪ್ಲೇಯರ್‌ರನ್ನೇ ಹಿಂದೆ ಹಾಕಿದರು. ಆಮೇಲೆ ಸರ್ಕಾರ ಅವರನ್ನು ಸ್ವದೇಶದ ಪಂದ್ಯಾವಳಿಗಳಿಂದಲೇ ಹೊರಗಿಟ್ಟಿತು, ಪಾಸ್‌ಪೋರ್ಟನ್ನೂ ತಡೆಯಿತು. 1978ರಲ್ಲಿ, 50 ತುಂಬುವ ಮೊದಲೇ ತೀರಿಕೊಂಡರು.

ಡರ್ಬನ್‌ನ ಆ ಅಂಗಳದಲ್ಲಿ ಪಾಪ್ವಾ ನೆನೆದರು. ಮಳೆ ಯಾರ ತಪ್ಪೂ ಅಲ್ಲ. ಆದರೆ ಅವರು ನೆನೆದದ್ದು ಮಳೆಯಿಂದಲೇ ಎನ್ನುವುದು ಸುಳ್ಳು. ಬಾಗಿಲನ್ನು ಮುಚ್ಚಿದವರು ಮನುಷ್ಯರು, ಮುಚ್ಚಲು ಕಾನೂನು ಬರೆದವರೂ ಮನುಷ್ಯರು. ಸೀವಕನ ಪಟ್ಟಿಯಲ್ಲಿ ಋತುವಿಗೆ ಒಂದು ಜಾಗ, ಬೇರೆಯವರು ಹೊಡೆದ ಪೆಟ್ಟಿಗೆ ಇನ್ನೊಂದು ಜಾಗ ಇರುವುದು ಇದಕ್ಕೇ. ಎರಡನ್ನೂ ಕರ್ಮ ಎಂಬ ಒಂದೇ ಮೂಟೆಗೆ ಕಟ್ಟಿದರೆ ಬಾಗಿಲು ಮುಚ್ಚಿದವನು ಮಳೆಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ. 2012ರಲ್ಲಿ ಲಿಥಮ್‌ನಲ್ಲಿ ಗೆದ್ದ ಎರ್ನಿ ಎಲ್ಸ್ ಬಿಳಿಯರು. ಟ್ರೋಫಿ ಹಿಡಿದು ಮಾತಾಡುವಾಗ ಅವರು ನೆಲ್ಸನ್ ಮಂಡೇಲಾರಿಗೆ ಕೃತಜ್ಞತೆ ಹೇಳಿದರು. ಗಾಳಿಯನ್ನು ತಿರುಗಿಸಲು ಯಾರಿಂದಲೂ ಆಗಲಿಲ್ಲ; ಆ ದೇಶದ ಬಾಗಿಲು ಮಾತ್ರ ಜನರ ಹೋರಾಟಕ್ಕೆ ತೆರೆಯಿತು.

ಇನ್ನೊಂದು ಮಾತು. ಗಾಲ್ಫಿನ ಮೂಲ ನಿಯಮ, ಚೆಂಡು ಬಿದ್ದಲ್ಲಿಂದಲೇ ಹೊಡೆಯಬೇಕು ಎಂಬುದು. ಇದನ್ನು ಬದುಕಿಗೆ ಉಪದೇಶವಾಗಿ ಹಂಚುವವರು ಬಹಳ: ಬಂದದ್ದನ್ನು ಒಪ್ಪಿಕೋ, ಇದ್ದಲ್ಲಿಂದ ಆಡು. ನಮ್ಮ ಹಣೆಬರಹಕ್ಕೇ ಕೋಟು ಹಾಕಿದಂತಿದೆ. ಅದೇ ನಿಯಮಾವಳಿಯಲ್ಲಿರುವ ಇನ್ನೊಂದನ್ನು ಅವರು ಹೇಳುವುದಿಲ್ಲ. ಚೆಂಡು ಮನುಷ್ಯ ಮಾಡಿಟ್ಟ ಅಡ್ಡಿಗೆ ಸಿಕ್ಕಿದರೆ, ಅಂದರೆ ಸಿಮೆಂಟ್ ದಾರಿ, ನೀರು ಚಿಮ್ಮಿಸುವ ಪೈಪು ಇಂಥದ್ದಕ್ಕೆ, ಆಟಗಾರ ಚೆಂಡನ್ನು ಎತ್ತಿ ಪಕ್ಕಕ್ಕೆ ಹಾಕಿಕೊಳ್ಳಬಹುದು. ದಂಡವಿಲ್ಲ. ಷರತ್ತು ಏನೆಂದರೆ ಕುಳಿಗೆ ಮೊದಲಿಗಿಂತ ಹತ್ತಿರವಾಗಬಾರದು. ಮೀಸಲಾತಿ ಎಂದರೆ ಪುಕ್ಕಟೆ ಗೆಲುವು ಎಂದು ಆಫೀಸಿನಲ್ಲಿ, ಬಸ್ಸಿನಲ್ಲಿ ಕೇಳಿ ಕೇಳಿ ತಲೆ ತಗ್ಗಿಸಿದ ನಮ್ಮ ಮಕ್ಕಳಿಗೆ ಇದನ್ನು ಹೇಳಿ. ಚೆಂಡನ್ನು ಪೈಪಿನ ಮೇಲಿಂದ ಎತ್ತಿದ್ದಷ್ಟೇ, ಕುಳಿಯೊಳಗೆ ಇಟ್ಟುಕೊಟ್ಟಿಲ್ಲ. ಹೊಡೆಯಬೇಕಾದವರು ಇನ್ನೂ ಅವರೇ. ಅಂದಹಾಗೆ, ಮೈದಾನದ ಗಡಿಬೇಲಿಗೆ ಮಾತ್ರ ಈ ಸವಲತ್ತು ಇಲ್ಲವಂತೆ. ಬೇಲಿಯ ವಿಷಯ ನಮಗೆ ಹೊಸದೇನಲ್ಲ.

ಅಕ್ಕನ ಕಬ್ಬಿನ ಬಗ್ಗೆ ಆಮೇಲೆ ಕೂತು ಕೇಳಿದೆ. ಒಂದು ವರ್ಷ ಮಳೆಯೇ ಕೈಕೊಟ್ಟಿತ್ತು, ಮೇಲಿನವರ ಗದ್ದೆಗೂ ನೀರು ಬಂದಿರಲಿಲ್ಲ. ಇನ್ನೊಂದು ವರ್ಷ ನಾಲೆಯಲ್ಲಿ ನೀರಿತ್ತು, ಮೇಲಿನ ಗದ್ದೆಗಳು ಹಸಿರಾಗಿದ್ದವು, ಕೊನೆಯ ತೂಬಿಗೆ ಮಾತ್ರ ಸರದಿ ಬರಲಿಲ್ಲ. ಎರಡು ವರ್ಷವನ್ನೂ ಅವರು ಒಂದೇ ಉಸಿರಿನಲ್ಲಿ ಪಾಪ ಎಂದಿದ್ದರು. ಎರಡನೇ ವರ್ಷದ ಬಗ್ಗೆ ಅರ್ಜಿ ಬರೆಯಬಹುದು. ಯಾವ ತಿಂಗಳು, ಎಷ್ಟು ದಿನ, ಯಾವ ತೂಬು ಎಂದು ಹುಡುಗ ಬರೆದುಕೊಳ್ಳುತ್ತಿದ್ದಾನೆ, ಅಕ್ಕ ಹೇಳುತ್ತಿದ್ದಾರೆ. ಕೊನೆಭಾಗದಲ್ಲಿ ಜಮೀನಿರುವ ಬೇರೆಯವರೂ ತಮ್ಮ ತೂಬಿನ ವಿವರ ತಂದರೆ ಒಟ್ಟಿಗೆ ಸೇರಿಸೋಣ. ಭಾನುವಾರ ಸೀವಕ ಸುತ್ತದ ಓದು, ಸಂಜೆ ಐದಕ್ಕೆ.

ಭವತು ಸಬ್ಬ ಮಂಗಲಂ. ಜೈ ಭೀಮ್.